ಕೆಲಸ ಮಾಡದವರ ಹೆಸರು ರಿಸರ್ಚ್ ಪೇಪರಲ್ಲಿ ಯಾಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಮೆಡಿಕಲ್ ಪಿಜಿ ಕೊನೇ ವರ್ಷ. ಎರಡು ವರ್ಷ ಕೂತು ಪೇಷಂಟ್‌ಗಳ ಡೇಟಾ ತೆಗೆದು ಪೇಪರ್ ಬರೆದಿದೀನಿ. ಈಗ ಗೈಡ್ ಹೇಳ್ತಾ ಇದಾರೆ, ಹೆಚ್‌ಓಡಿ (ವಿಭಾಗದ ಮುಖ್ಯಸ್ಥರು) ಹೆಸರು ಮೊದಲು ಹಾಕು, ಇನ್ನಿಬ್ಬರು ಸೀನಿಯರ್ಸ್ ಹೆಸರೂ ಸೇರಿಸು ಅಂತ. ಅವರು ಒಂದು ಸಾಲೂ ಓದಿಲ್ಲ. ಅನಾಲಿಸಿಸ್ ಪೂರ್ತಿ ಪ್ಲ್ಯಾನ್ ಮಾಡಿಕೊಟ್ಟ ಸ್ಟ್ಯಾಟಿಸ್ಟಿಷಿಯನ್ ಹೆಸರು ಮಾತ್ರ ಬೇಡವಂತೆ. ಎದುರು ಮಾತಾಡಿದ್ರೆ ಪರೀಕ್ಷೆಯಲ್ಲಿ ಏನಾಗುತ್ತೋ ಅಂತ ಭಯ. ಸುಮ್ನೆ ಹಾಕಿಬಿಡ್ಲಾ? (ಹೆಸರು ಬೇಡ)

ಉತ್ತರ: ನಿಮ್ಮ ಭಯ ನಂಗೆ ಅರ್ಥ ಆಗುತ್ತೆ, ಅದನ್ನ ಸಣ್ಣದು ಅಂತ ಹೇಳಲ್ಲ. ಆದ್ರೆ "ಸುಮ್ನೆ ಹಾಕಿಬಿಡ್ಲಾ" ಅಂತ ಕೇಳಿದ್ರಲ್ಲ, ಅದಕ್ಕೆ ಬೇಡ ಅಂತಾನೇ ನನ್ನ ಉತ್ತರ. ಯಾಕೆ ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ.

1978ರಲ್ಲಿ ವ್ಯಾಂಕೂವರ್‌ನಲ್ಲಿ ಕೆಲವು ಮೆಡಿಕಲ್ ಜರ್ನಲ್‌ಗಳ ಎಡಿಟರ್‌ಗಳು ಸೇರಿದ್ರು, ಮೊದಲು ಬರೀ ಪೇಪರ್ ಯಾವ ಫಾರ್ಮ್ಯಾಟಲ್ಲಿ ಕಳಿಸಬೇಕು ಅಂತ ಮಾತಾಡೋಕೆ. ಆಮೇಲೆ ಆ ಗುಂಪೇ ಐಸಿಎಂಜೆಇ (ಮೆಡಿಕಲ್ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ) ಅನ್ನೋ ಹೆಸರಲ್ಲಿ ಬೆಳೆದು, ಆಥರ್ ಅಂದ್ರೆ ಯಾರು ಅಂತಾನೂ ಹೇಳ್ತು. ಅಧ್ಯಯನದ ಯೋಜನೆಯಲ್ಲೋ ಡೇಟಾ ಕೆಲಸದಲ್ಲೋ ಗಟ್ಟಿ ಪಾಲಿರಬೇಕು, ಪೇಪರನ್ನ ಬರೆದಿರಬೇಕು ಇಲ್ಲಾ ಗಂಭೀರವಾಗಿ ತಿದ್ದಿರಬೇಕು, ಕೊನೇ ರೂಪ ಓದಿ ಒಪ್ಪಿರಬೇಕು, ಮತ್ತೆ ಇಡೀ ಕೆಲಸಕ್ಕೆ ಜವಾಬ್ದಾರಿ ಹೊರೋಕೆ ತಯಾರಿರಬೇಕು. ಈ ನಾಲ್ಕೂ ಇದ್ರೇನೇ ಆಥರ್, ಒಂದು ಇದ್ದು ಮೂರು ಇಲ್ಲ ಅಂದ್ರೆ ಆಗಲ್ಲ.

ಆ ನಾಲ್ಕನೇದು ಸೇರಿದ್ದು 2013ರಲ್ಲಿ. ಮೋಸ ಹೊರಗೆ ಬಂದಾಗ "ನಂಗೇನೂ ಗೊತ್ತಿಲ್ಲ, ನನ್ನ ಹೆಸರಿತ್ತು ಅಷ್ಟೇ" ಅಂತ ಜಾರಿಕೊಳ್ಳೋರಿಗೆ ಆ ದಾರಿ ಮುಚ್ಚೋ ಮಾತು ಅದು. ಒಂದು ಉದಾಹರಣೆ ನನ್ನ ಮನಸ್ಸಿಂದ ಹೋಗಲ್ಲ. 2005ರಲ್ಲಿ ನಾರ್ವೆಯ ಒಬ್ಬ ಸಂಶೋಧಕ ಲ್ಯಾನ್ಸೆಟ್ ಅನ್ನೋ ಮೆಡಿಕಲ್ ಜರ್ನಲ್‌ನಲ್ಲಿ ಬಾಯಿ ಕ್ಯಾನ್ಸರ್ ಬಗ್ಗೆ ಪೇಪರ್ ಹಾಕಿದ, 908 ಜನರ ಡೇಟಾ ಅಂತ. ಅಷ್ಟೂ ಕಟ್ಟುಕತೆ. ಆ 908ರಲ್ಲಿ 250 ಜನರಿಗೆ ಒಂದೇ ಹುಟ್ಟಿದ ದಿನಾಂಕ ಇತ್ತು! ಪೇಪರ್ ಮೇಲೆ ಹತ್ತಕ್ಕೂ ಹೆಚ್ಚು ಜನ ಕೋ-ಆಥರ್‌ಗಳ ಹೆಸರಿತ್ತು, ಆ ಡೇಟಾ ಶೀಟನ್ನ ಅವರಲ್ಲಿ ಒಬ್ರು ಕೂತು ಕಣ್ಣಾಡಿಸಿದ್ರೂ ಇದು ಅಚ್ಚಾಗೋ ಮುಂಚೇನೇ ನಿಂತು ಹೋಗ್ತಿತ್ತು ಅಂತ ನಂಗೆ ಅನ್ಸುತ್ತೆ, ಯಾಕಂದ್ರೆ ಜರ್ನಲ್‌ನವರಾಗ್ಲಿ ಅಚ್ಚಾಗೋ ಮುಂಚೆ ಪೇಪರ್ ರಿವ್ಯೂ ಮಾಡೋ ತಜ್ಞರಾಗ್ಲಿ ಸಾಮಾನ್ಯವಾಗಿ ಒಂದೊಂದು ಕೇಸ್ ಶೀಟ್ ತೆಗೆದು ನೋಡಲ್ಲ, ಆಥರ್‌ಗಳು ನೋಡಿದಾರೆ ಅಂತ ನಂಬಿಕೊಂಡಿರ್ತಾರೆ. ಆ ನಂಬಿಕೆಯ ಮೇಲೇ ಇನ್ನೆಲ್ಲೋ ಇರೋ ಡಾಕ್ಟ್ರು ಔಷಧಿ ಬರೀತಾರೆ.

ಈಗ ನಿಮ್ಮ ವಿಷಯ. ಜಗಳ ಆಡದೇ ಮಾಡೋ ದಾರಿ ಇದೆ. ನೀವು ಯಾವ ಜರ್ನಲ್‌ಗೆ ಕಳಿಸ್ಬೇಕು ಅಂತಿದೀರೋ ಅದರ ಸೂಚನೆಗಳ ಪುಟ ಪ್ರಿಂಟ್ ತೆಗೀರಿ. ಯಾವ ಆಥರ್ ಏನು ಮಾಡಿದ್ರು ಅಂತ ಬರೆದುಕೊಡಿ ಅಂತ ತುಂಬಾ ಜರ್ನಲ್‌ಗಳು ಈಗ ಕೇಳ್ತವೆ. ಆ ಫಾರ್ಮ್ ಹಿಡ್ಕೊಂಡು ಗೈಡ್ ಹತ್ರ ಹೋಗಿ, "ಸರ್, ಇಲ್ಲಿ ಹೆಚ್‌ಓಡಿ ಸರ್ ಹೆಸರಿನ ಮುಂದೆ ಏನು ಬರೀಲಿ?" ಅಂತ ವಿನಯವಾಗಿ ಕೇಳಿ, ಬೇರೇನೂ ಹೇಳ್ಬೇಡಿ. ಆ ಖಾಲಿ ಜಾಗ ನಿಮ್ಮ ಪರವಾಗಿ ಮಾತಾಡುತ್ತೆ. ಬರೀ ಡಿಪಾರ್ಟ್‌ಮೆಂಟ್ ಸೌಲಭ್ಯ ಕೊಟ್ಟವರಿಗೆ, ಮೇಲುಸ್ತುವಾರಿ ಅಷ್ಟೇ ಮಾಡಿದವರಿಗೆ ಕೃತಜ್ಞತೆಯ ಭಾಗ ಇದ್ದೇ ಇದೆ, ಅವರ ಒಪ್ಪಿಗೆ ತಗೊಂಡು ಅಲ್ಲಿ ಗೌರವವಾಗಿ ಹಾಕಬಹುದು.

ಸ್ಟ್ಯಾಟಿಸ್ಟಿಷಿಯನ್ ವಿಷಯದಲ್ಲಿ ಮಾತ್ರ ದಯವಿಟ್ಟು ಬಿಟ್ಟುಕೊಡ್ಬೇಡಿ. ಅನಾಲಿಸಿಸ್ ಪ್ಲ್ಯಾನ್ ಮಾಡಿದವರಿಗೆ ಡ್ರಾಫ್ಟ್ ಕಳಿಸಿ, ಓದಿ ತಿದ್ದೋಕೆ ಅವಕಾಶ ಕೊಡಿ, ಅದನ್ನ ಮಾಡಿ, ಕೊನೇ ರೂಪ ಒಪ್ಪಿ ಜವಾಬ್ದಾರಿ ಹೊತ್ರೆ ಅವರು ಆಥರೇ. ಡ್ರಾಫ್ಟೇ ತೋರಿಸದೆ "ನೀವು ಬರೆದಿಲ್ವಲ್ಲ" ಅಂತ ಬಿಡೋದನ್ನ ನಿಯಮ ಒಪ್ಪಲ್ಲ. ಕೆಲಸ ಮಾಡಿದವರ ಹೆಸರು ಮುಚ್ಚಿಡೋದೂ ಮಾಡದವರ ಹೆಸರು ಹಾಕೋದಷ್ಟೇ ತಪ್ಪು. ಕಂಪನಿಗಳು ದುಡ್ಡು ಕೊಟ್ಟು ಬೇರೆಯವರಿಂದ ಬರೆಸಿ, ದೊಡ್ಡ ಪ್ರೊಫೆಸರ್ ಹೆಸರಲ್ಲಿ ಛಾಪಿಸಿದ ಕತೆಗಳು ಎಷ್ಟೋ ಇವೆ.

ಇಷ್ಟೆಲ್ಲ ಆದ್ಮೇಲೂ ಕೇಳಲಿಲ್ಲ ಅಂದ್ರೆ? ಪರೀಕ್ಷೆ ಮುಗಿಯೋವರೆಗೂ ಪೇಪರ್ ಕಳಿಸೋದು ಮುಂದೆ ಹಾಕಿ ಅಂತ ನನ್ನ ಸಲಹೆ. ಯಾರು ಯಾವಾಗ ಏನು ಮಾಡಿದ್ರು ಅನ್ನೋ ಮೇಲ್‌ಗಳನ್ನ ಜೋಪಾನವಾಗಿಡಿ. ಜರ್ನಲ್ ಎಡಿಟರ್‌ಗೆ ದೂರು ಕೊಟ್ರೂ ಅವರು ತೀರ್ಪು ಕೊಡಲ್ಲ, ಆಥರ್‌ಗಳ ಜಗಳ ಸಂಸ್ಥೆಯಲ್ಲೇ ತೀರ್ಮಾನ ಆಗಬೇಕು ಅಂತ ವಾಪಸ್ ಕಳಿಸ್ತಾರೆ, ಆಗ ಈ ಮೇಲ್‌ಗಳೇ ನಿಮ್ಮ ಆಧಾರ.

ಪ್ರಶ್ನೆ: ನಮ್ಮ ಅಮ್ಮನಿಗೆ ಅಪರೂಪದ ಚರ್ಮದ ಕಾಯಿಲೆ ಇತ್ತು. ಮೊನ್ನೆ ಒಂದು ಜರ್ನಲ್‌ನಲ್ಲಿ ಅವರ ಮುಖದ ಫೋಟೋ ನೋಡಿದೆ, ಕಣ್ಣಿಗೆ ಕಪ್ಪು ಪಟ್ಟಿ ಹಾಕಿದಾರೆ ಅಷ್ಟೇ. ಆಸ್ಪತ್ರೆಗೆ ಸೇರಿದಾಗ ಯಾವುದೋ ಫಾರ್ಮ್‌ಗೆ ಸಹಿ ಮಾಡಿದ್ವಿ. ಅದು ಸಾಕಾ?

ಉತ್ತರ: ಸಾಕಾಗಲ್ಲ. ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಬೇರೆ, ಗುರುತು ಸಿಗೋ ಫೋಟೋನ ಜಗತ್ತಿಗೆಲ್ಲ ತೋರಿಸೋಕೆ ಕೊಡೋ ಒಪ್ಪಿಗೆ ಬೇರೆ. ಎರಡನೇದು ಬರವಣಿಗೆಯಲ್ಲಿರಬೇಕು, ಏನು ಅಚ್ಚಾಗುತ್ತೆ ಅಂತ ರೋಗಿಗೆ ತೋರಿಸಿರಬೇಕು, ಇಂಟರ್ನೆಟ್‌ನಲ್ಲೂ ಬರುತ್ತೆ ಅಂತ ಹೇಳಿರಬೇಕು. ಕಣ್ಣಿಗೆ ಪಟ್ಟಿ ಹಾಕಿದ್ರೆ ಗುರುತು ಮುಚ್ಚಿದ ಹಾಗಾಗಲ್ಲ ಅಂತ ಐಸಿಎಂಜೆಇ ನಿಯಮದಲ್ಲೇ ಇದೆ, ನೀವು ಅಮ್ಮನ್ನ ನೋಡಿದ ತಕ್ಷಣ ಗುರುತು ಹಿಡಿದ್ರಲ್ಲ, ಅದಕ್ಕಿಂತ ಸಾಕ್ಷಿ ಬೇಕಾ. ಜರ್ನಲ್ ಎಡಿಟರ್‌ಗೆ ಬರೀರಿ. ಪೇಪರ್ ಹೆಸರು ಹೇಳಿ, ಪ್ರಕಟಣೆಗೆ ಅಂತ ಅಮ್ಮ ಕೊಟ್ಟ ಒಪ್ಪಿಗೆ ದಾಖಲೆ ಇದೆಯಾ ಕೇಳಿ, ಇಲ್ಲ ಅಂದ್ರೆ ಫೋಟೋ ತೆಗೀರಿ ಅಂತ ಕೇಳಿ. ಆದ್ರೆ ಒಂದು ನಿಜ ಹೇಳ್ಲೇಬೇಕು, ಆಗಲೇ ಡೌನ್‌ಲೋಡ್ ಆಗಿರೋ ಪ್ರತಿಗಳನ್ನ ಯಾರೂ ವಾಪಸ್ ತರೋಕಾಗಲ್ಲ, ಅದಕ್ಕೇ ಇದು ಇಷ್ಟು ಬೇಜಾರಿನ ವಿಷಯ.

ಪ್ರಶ್ನೆ: ಒಂದು ದಿನ "ಅಧ್ಯಯನದಿಂದ ಸಾಬೀತು" ಅಂತ ಬರುತ್ತೆ, ಆರು ತಿಂಗಳಿಗೆ ಅದೇ ಸುಳ್ಳು ಅಂತಾರೆ. ನಮ್ಮಂಥ ಸಾಮಾನ್ಯರು ಏನ್ ನೋಡ್ಬೇಕು?

ಉತ್ತರ: ಸುದ್ದಿ ಬಿಟ್ಟು ಜರ್ನಲ್‌ನಲ್ಲಿ ಆ ಅಧ್ಯಯನದ ಪೇಪರ್ ಇರೋ ಪುಟಕ್ಕೇ ಹೋಗಿ, ಮೊದಲು ವಾಪಸ್ ಪಡೆದಿದಾರಾ ನೋಡಿ, ಹಾಗಿದ್ರೆ ಮೇಲೇನೇ ರಿಟ್ರ್ಯಾಕ್ಟೆಡ್ ಅಂತ ಇರುತ್ತೆ. ಆಮೇಲೆ ಕೊನೆಯಲ್ಲಿ ದುಡ್ಡು ಯಾರು ಕೊಟ್ರು ಅನ್ನೋದು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ಸಂಬಂಧ ಇದೆ ಅನ್ನೋ ಹೆದರಿಕೆ ಹಬ್ಬಿಸಿದ 1998ರ ಲ್ಯಾನ್ಸೆಟ್ ಪೇಪರ್ ನೆನಪಿದೆಯಾ, ಆಂಡ್ರ್ಯೂ ವೇಕ್‌ಫೀಲ್ಡ್ ಅವರದ್ದು? ಇದ್ದಿದ್ದು 12 ಮಕ್ಕಳು. ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕೋಕೆ ಹೊರಟಿದ್ದ ವಕೀಲರಿಂದ ಬಂದ ಹಣದ ಮಾತು ಪೇಪರಲ್ಲಿ ಇರ್ಲೇ ಇಲ್ಲ. 2004ರಲ್ಲಿ ಕೋ-ಆಥರ್‌ಗಳಲ್ಲಿ 10 ಜನ ಆ ಅರ್ಥವಿವರಣೆಯಿಂದ ಹಿಂದೆ ಸರಿದ್ರು, ಜರ್ನಲ್ ಪೂರ್ತಿ ವಾಪಸ್ ತಗೊಂಡಿದ್ದು 2010ರಲ್ಲಿ. ಆ ಹನ್ನೆರಡು ವರ್ಷದಲ್ಲಿ ಎಷ್ಟು ಅಪ್ಪ ಅಮ್ಮಂದಿರು ಮಕ್ಕಳಿಗೆ ಲಸಿಕೆ ಬೇಡ ಅಂದ್ರೋ, ಅದನ್ನ ಯೋಚಿಸಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

2020ರಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ರೆ ಸಾವು ಹೆಚ್ಚಾಗುತ್ತೆ ಅಂದ ಲ್ಯಾನ್ಸೆಟ್ ಪೇಪರ್ ಇದಕ್ಕೆ ಉಲ್ಟಾ, ಮೇ 22ಕ್ಕೆ ಬಂತು, ಜೂನ್ 4ಕ್ಕೆ ವಾಪಸ್. 671 ಆಸ್ಪತ್ರೆ, 96,000 ರೋಗಿಗಳು ಅಂತ ಬರೆದಿದ್ರು, ಮೂಲ ಡೇಟಾ ತೋರಿಸಿ ಅಂದ್ರೆ ಆ ಡೇಟಾ ಒದಗಿಸಿದ್ದ ಕಂಪನಿ ಕೊಡ್ಲಿಲ್ಲ. ಅಷ್ಟರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ರಯಲ್‌ನಲ್ಲಿ ಆ ಔಷಧಿಯ ಭಾಗವನ್ನ ತಾತ್ಕಾಲಿಕವಾಗಿ ನಿಲ್ಲಿಸಿ ಆಗಿತ್ತು.

ಇನ್ನೊಂದು, ಔಷಧಿ ಟ್ರಯಲ್ ಆಗಿದ್ರೆ ರಿಜಿಸ್ಟ್ರಿ ನಂಬರ್ (ಟ್ರಯಲ್‌ಗಳನ್ನ ಎಲ್ಲರಿಗೂ ಕಾಣೋ ಹಾಗೆ ನೋಂದಾಯಿಸೋ ಪಟ್ಟಿಯ ನಂಬರ್) ಇದೆಯಾ ನೋಡಿ. 2005ರ ಜುಲೈ 1ರಿಂದ ಶುರುವಾದ ಟ್ರಯಲ್‌ಗಳು ಮೊದಲ ರೋಗಿ ಸೇರೋ ಮುಂಚೆ ನೋಂದಣಿ ಆಗಿರದಿದ್ರೆ ಪ್ರಕಟಣೆಗೆ ತಗೊಳ್ಳಲ್ಲ ಅಂತ ಮೇಲೆ ಹೇಳಿದ ಐಸಿಎಂಜೆಇ ಎಡಿಟರ್‌ಗಳು ಹಠ ಹಿಡಿದ್ರು, ಒಳ್ಳೇ ಹಠ. ಯಾಕಂದ್ರೆ ಏನನ್ನ ಅಳೀತೀವಿ ಅಂತ ಮೊದಲೇ ಬರೆದಿಟ್ರೆ, ಉತ್ತರ ಸಿಕ್ಕಿದ ಮೇಲೆ ಪ್ರಶ್ನೆ ಬದಲಾಯಿಸೋಕಾಗಲ್ಲ, ಔಷಧಿ ಕೆಲಸ ಮಾಡ್ಲಿಲ್ಲ ಅಂತ ಇಡೀ ಟ್ರಯಲನ್ನೇ ಬೀರುವಲ್ಲಿ ಮುಚ್ಚಿಟ್ರೂ ಅದು ನಡೆದಿತ್ತು ಅನ್ನೋದಾದ್ರೂ ಗೊತ್ತಾಗುತ್ತೆ. ಕೆಲಸ ಮಾಡದ ಔಷಧಿ ಪರೀಕ್ಷೆಗೂ ರೋಗಿಗಳು ಮೈ ಕೊಟ್ಟಿರ್ತಾರೆ ಅಲ್ವಾ, ಆ ಫಲಿತಾಂಶ ಪ್ರಕಟಿಸದೇ ಇರೋದು ಅವರಿಗೆ ಮಾಡೋ ಅನ್ಯಾಯ.

ಪ್ರಶ್ನೆ: ಪೇಪರ್ ಬರೆಯೋಕೆ ಎಐ ಚಾಟ್‌ಬಾಟ್ ಸಹಾಯ ತಗೊಂಡೆ, ಅದನ್ನೂ ಕೋ-ಆಥರ್ ಅಂತ ಹಾಕ್ಬೇಕಾ?

ಉತ್ತರ: ಬೇಡ, ಹಾಕೋ ಹಾಗೂ ಇಲ್ಲ. ಮೇಲೆ ಹೇಳಿದ ನಾಲ್ಕನೇ ಮಾತು ಅದಕ್ಕೆ ಆಗಲ್ಲ, ನಾಳೆ ತಪ್ಪು ಸಿಕ್ರೆ ಅದನ್ನ ಕರೆದು ಕೇಳೋಕಾಗುತ್ತಾ? ಏನಕ್ಕೆ ಬಳಸಿದ್ರಿ ಅಂತ ಮುಚ್ಚುಮರೆ ಇಲ್ಲದೆ ಬರೆದುಬಿಡಿ. ಅದು ಕೊಟ್ಟ ಒಂದೊಂದು ಆಧಾರ ಗ್ರಂಥವನ್ನೂ ನೀವೇ ತೆರೆದು ಓದಿ, ಇಲ್ಲದ ಪೇಪರ್‌ಗಳ ಹೆಸರನ್ನ ಸಲೀಸಾಗಿ ಹುಟ್ಟಿಸುತ್ತೆ ಅದು. ರೋಗಿಗಳ ವಿವರವನ್ನಂತೂ ಅದರೊಳಗೆ ಹಾಕ್ಲೇಬೇಡಿ, ಮತ್ತೆ ಮುಂದೆ ಯಾವತ್ತಾದ್ರೂ ಬೇರೆಯವರ ಪೇಪರ್ ರಿವ್ಯೂಗೆ ಬಂದ್ರೆ ಅದನ್ನೂ.