ಸಂಗೀತದ ಇತಿಹಾಸ ಪಾಠ ಎಲ್ಲಿಂದ ಶುರು ಮಾಡಲಿ?

ಮುಂದಿನ ಸೆಮಿಸ್ಟರ್‌ನಿಂದ ಡಿಗ್ರಿ ವಿದ್ಯಾರ್ಥಿಗಳಿಗೆ ಸಂಗೀತದ ಇತಿಹಾಸ ಹೇಳಿಕೊಡಬೇಕು, ಅರ್ಧ ಜನಕ್ಕೆ ಸ್ವರಲಿಪಿ ಓದಲೂ ಬರುವುದಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಈ ಪಾಠ ಹಿಡಿದು ಹದಿಮೂರು ವರ್ಷ ಆಯಿತು. ಮೊದಲ ವರ್ಷವನ್ನು ಪೂರ್ತಿ ಹಾಳು ಮಾಡಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಆಗ ನಾನು ಹಳೇ ಕಾಲದಿಂದ ಹಿಡಿದು ಸಾಲಾಗಿ ಹೇಳುತ್ತಾ ಹೋದೆ. ಯಾರು, ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ, ಯಾರ ಶಿಷ್ಯ, ಎಷ್ಟು ಕೃತಿ. ಮೂರನೇ ವಾರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, ‘ಸರ್, ಇದರಲ್ಲಿ ಹಾಡು ಯಾವಾಗ ಬರುತ್ತೆ?’ ಎಂದಳು. ಕ್ಲಾಸೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಲೆಕ್ಕ ಹಾಕಿದರೆ, ಮೂರು ವಾರದಲ್ಲಿ ನಾನು ಸಂಗೀತ ಕೇಳಿಸಿದ್ದು ಒಟ್ಟು ಹನ್ನೊಂದು ನಿಮಿಷ.

ಈಗ ಮೊದಲ ದಿನ ನಾನು ಬಾಯಿ ಬಿಡುವುದೇ ಕಡಿಮೆ. ಒಂದು ಹಳೇ ಗ್ರಾಮಫೋನ್ ಡಿಸ್ಕ್ ಹಾಕುತ್ತೇನೆ, ಹೆಸರು ಹೇಳುವುದಿಲ್ಲ. ಹೆಚ್ಚಾಗಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರದ್ದು. 1902ರಲ್ಲಿ ಕಲ್ಕತ್ತದಲ್ಲಿ ಅವರ ಹಾಡುಗಳ ಧ್ವನಿಮುದ್ರಣ ಶುರುವಾಯಿತು. ಗರಗರ ಸದ್ದು, ಅದರೊಳಗೆ ಮಿಂಚಿನಂಥ ತಾನ (ಸ್ವರಗಳ ವೇಗದ ಓಟ), ಮೂರು ನಿಮಿಷಕ್ಕೆ ಮುಗಿಯುತ್ತದೆ. ಕೊನೆಗೆ ಆಕೆ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗುತ್ತಾರೆ. ಅಲ್ಲಿಗೆ ಕ್ಲಾಸ್ ಎಚ್ಚರ ಆಗುತ್ತದೆ. ಇದನ್ನೇ ಮೂರು ಸಲ ಕೇಳಿಸಿ, ಏನೇನು ವಿಚಿತ್ರ ಅನ್ನಿಸಿತು ಬರೆಯಿರಿ ಎನ್ನುತ್ತೇನೆ.

ಪ್ರಶ್ನೆಗಳು ಅವರಿಂದಲೇ ಬರುತ್ತವೆ. ಇಷ್ಟು ಅವಸರ ಯಾಕೆ? ಹತ್ತಿಂಚಿನ ಡಿಸ್ಕಿನ ಒಂದು ಮುಖದಲ್ಲಿ ಹಿಡಿಯುವುದೇ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲೇ ಮುಗಿಸಬೇಕು. ಕೂಗುವುದು ಯಾಕೆ? ಆಗ ಡಿಸ್ಕ್ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಎಂದು ಗೊತ್ತಾಗಲಿ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ದನಿ ಹೀಗೆ ಯಾಕೆ ಕೇಳುತ್ತದೆ? ಮೈಕ್ ಇರಲಿಲ್ಲ. ಮೈಕಿಟ್ಟು ಮುದ್ರಿಸುವುದು ಶುರುವಾದದ್ದು 1925ರ ಸುಮಾರಿಗೆ. ಅಲ್ಲಿಯವರೆಗೆ ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. ಪಿಟೀಲಿನ ಸದ್ದು ಅದಕ್ಕೆ ಸಾಲದೆ, ಮರದ ಡಬ್ಬಿಯ ಬದಲು ಲೋಹದ ಕೊಳವೆ ಸಿಕ್ಕಿಸಿದ ಸ್ಟ್ರೋ ವಯಲಿನ್ ಅಂತಲೇ ಒಂದು ವಾದ್ಯ ಬಂತು. ಅದರ ಫೋಟೋ ತೋರಿಸಿ. ನಗುತ್ತಾರೆ, ಆದರೆ ಮರೆಯುವುದಿಲ್ಲ.

ನನ್ನ ಪ್ರಕಾರ ಕಲಿಸಬೇಕಾದದ್ದು ಇದೊಂದೇ: ಈ ಸಂಗತಿ ನಮಗೆ ಹೇಗೆ ಗೊತ್ತಾಯಿತು? ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರ, ಫೋನೋಗ್ರಾಫ್, ಎಡಿಸನ್ ಮಾಡಿದ್ದು 1877ರಲ್ಲಿ. ಅದಕ್ಕೂ ಹಿಂದಿನ ಒಬ್ಬ ಗಾಯಕರ ದನಿಯನ್ನೂ ನಾವು ಡಿಸ್ಕ್ ಹಾಕಿ ಕೇಳುವ ಹಾಗಿಲ್ಲ. ಉಳಿದಿರುವುದು ಕಾಗದ, ಚಿತ್ರ, ವಾದ್ಯ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದ ಪಾಠ, ಆಮೇಲೆ ಕತೆಗಳು. ಒಂದೊಂದು ವಾರ ಒಂದೊಂದನ್ನು ಎತ್ತಿಕೊಳ್ಳಿ. ವಾದ್ಯದ ವಾರ ನಾನು ಪಿಯಾನೊ ಹೇಳುತ್ತೇನೆ. 1700ರ ಸುಮಾರಿಗೆ ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೊಫೊರಿ ಮಾಡಿದ್ದು. ಅದಕ್ಕಿಂತ ಹಳೆಯ ಮನೆಗಳ ವಾದ್ಯ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ, ಪಿಯಾನೊ ಸುತ್ತಿಗೆಯಿಂದ ಹೊಡೆಯುತ್ತದೆ. ಹೊಡೆತ ಮೆಲ್ಲಗಿದ್ದರೆ ಸದ್ದು ಮೆಲ್ಲಗೆ, ಜೋರಾಗಿದ್ದರೆ ಜೋರು. ಇಷ್ಟು ಗೊತ್ತಾದ ಮೇಲೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿ ಸುಮ್ಮನಿರಿ.

ಕತೆಗಳ ವಾರ ನನಗೆ ತುಂಬಾ ಇಷ್ಟ. ಯುರೋಪಿನ ಸಂಗೀತಗಾರ ಮೊಜಾರ್ಟ್‌ಗೆ ಅವನ ಕಾಲದ ಇನ್ನೊಬ್ಬ ಸಂಗೀತಗಾರ ಸಾಲಿಯೇರಿ ವಿಷ ಹಾಕಿದ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ‘ಸುಳ್ಳು’ ಎಂದು ಬಾಯಿ ಮುಚ್ಚಿಸಬೇಡಿ. ಮೊದಲು ಹೇಳಿದ್ದು ಯಾರು, ಯಾವಾಗ ಎಂದು ಹುಡುಕಲು ಬಿಡಿ. ಮೊಜಾರ್ಟ್ ಸತ್ತದ್ದು 1791ರಲ್ಲಿ. ಸಾಲಿಯೇರಿ ಬದುಕಿದ್ದಾಗಲೇ ಗುಸುಗುಸು ಇತ್ತು. 1830ರಲ್ಲಿ ರಷ್ಯಾದ ಕವಿ ಪುಷ್ಕಿನ್ ಅದನ್ನೇ ನಾಟಕ ಮಾಡಿದ. ಇನ್ನೊಂದು ಕಡೆ, ಮೊಜಾರ್ಟ್‌ನ ಕಿರಿಯ ಮಗನಿಗೆ ಪಾಠ ಹೇಳಿದವರಲ್ಲಿ ಇದೇ ಸಾಲಿಯೇರಿ ಒಬ್ಬ. ಗಂಡನನ್ನು ಕೊಂದವನ ಹತ್ತಿರ ಯಾವ ತಾಯಿ ಮಗನನ್ನು ಪಾಠಕ್ಕೆ ಕಳಿಸುತ್ತಾಳೆ, ಅಲ್ವಾ? ಈ ಮಾತು ಒಬ್ಬ ವಿದ್ಯಾರ್ಥಿಯೇ ಹೇಳಿದ್ದು. ನನಗೆ ಹೊಳೆದಿರಲಿಲ್ಲ.

ಸ್ವರಲಿಪಿ ಬಾರದವರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರಾಗ ಮೇಲೆ ಹೋದಾಗ ಗೆರೆ ಮೇಲೆ, ಇಳಿದಾಗ ಕೆಳಗೆ, ಹಾಳೆಯಲ್ಲಿ ಎಳೆಯಲಿ, ಸಾಕು. ತೊಂದರೆ ಕೊಡುವವರು ಬೇರೆ: ಚಿಕ್ಕಂದಿನಿಂದ ಕಲಿತು ಬಂದವರು. ಈಗ ನಾವು ಹಾಡುವ ಹಾಗೆಯೇ ಹಿಂದೆಯೂ ಹಾಡುತ್ತಿದ್ದರು ಎಂದು ನಂಬಿಕೊಂಡಿರುತ್ತಾರೆ. ಒಂದೇ ಕೃತಿಯ ನೂರು ವರ್ಷ ಹಿಂದಿನ ಮುದ್ರಣ, ಇತ್ತೀಚಿನ ಮುದ್ರಣ ಎರಡನ್ನೂ ಕೊಟ್ಟು, ಏನು ಬದಲಾಗಿದೆ ಪಟ್ಟಿ ಮಾಡಿ ಎನ್ನಿ. ಅವರ ಕಿವಿ ಚುರುಕು. ಉಳಿದವರಿಗೆ ಕೇಳಿಸದ್ದನ್ನೂ ಹಿಡಿಯುತ್ತಾರೆ. ಹಾಗೆ ಅವರೂ ಪಾಠದೊಳಗೆ ಬರುತ್ತಾರೆ.

ಪರೀಕ್ಷೆಯಲ್ಲಿ ಯಾರೂ ಕೇಳಿರದ ಎರಡು ನಿಮಿಷದ ತುಣುಕು ಹಾಕಿ, ಇದು ಯಾವ ಕಾಲದ್ದಿರಬಹುದು, ಯಾಕೆ ಎಂದು ಕೇಳುತ್ತೇನೆ. ಕಾಲ ತಪ್ಪಾದರೂ ಕಾರಣ ಸರಿಯಿದ್ದರೆ ಮುಕ್ಕಾಲು ಅಂಕ. ಇಸವಿ ಬಾಯಿಪಾಠ ಬೇಡವೇ ಬೇಡ ಎಂದಲ್ಲ, ಹತ್ತು-ಹನ್ನೆರಡು ಗೊತ್ತಿರಲಿ. ಗೂಟದ ಹಾಗೆ, ಉಳಿದದ್ದನ್ನು ಅವಕ್ಕೆ ಕಟ್ಟಿಕೊಳ್ಳುತ್ತಾರೆ.

ಇನ್ನೊಂದು. ಕ್ಲಾಸಿನ ಸ್ಪೀಕರ್ ಅನ್ನು ಹಿಂದಿನ ದಿನವೇ ಹೋಗಿ, ಕೊನೆಯ ಬೆಂಚಿನಲ್ಲಿ ಕೂತು ಕೇಳಿ ನೋಡಿ. ಹಳೇ ಡಿಸ್ಕುಗಳು ಕೆಟ್ಟ ಸ್ಪೀಕರಿನಲ್ಲಿ ಬರೀ ಗರಗರ.