ಬಿಲ್ಲು ಬೇಟೆಗೆ ಬೇಗ ಮುರಿಯದ ಬಾಣ ಯಾವುದು?

ಕೊಳವೆಯ ಗೋಡೆ ದಪ್ಪ ಇರೋ ಕಾರ್ಬನ್ ಬಾಣ ತಗೊಳ್ಳಿ. ಅಲ್ಯುಮಿನಿಯಂ ಕೆಟ್ಟದ್ದೇನಲ್ಲ, ಆದ್ರೆ ಮೂಳೆಗೋ ಕಲ್ಲಿಗೋ ತಾಗಿದ್ರೆ ಬಾಗತ್ತೆ, ಒಂಚೂರು ಬಾಗಿದ್ರೂ ಗುರಿ ಹೋಯ್ತು, ಕಾರ್ಬನ್ ಹಾಗಲ್ಲ, ಒಂದೋ ನೆಟ್ಟಗಿರತ್ತೆ ಇಲ್ಲಾ ಸೀಳು ಬಿಡತ್ತೆ.

ತುಂಬಾ ಜನ ತಲೆ ಕೆಡಿಸ್ಕೊಳ್ದೇ ಇರೋದು ಸ್ಪೈನ್ ಬಗ್ಗೆ, ಅಂದ್ರೆ ಬಾಣದ ಬಿಗಿ, ಸುಲಭಕ್ಕೆ ಬಗ್ಗದ ಗುಣ. 28 ಇಂಚು ಅಂತರದ ಎರಡು ಆಧಾರದ ಮೇಲಿಟ್ಟು ನಡುವೆ 880 ಗ್ರಾಂ ನೇತುಹಾಕಿದ್ರೆ ಎಷ್ಟು ಬಗ್ಗತ್ತೆ ಅನ್ನೋದೇ ಆ ನಂಬರು, 340 ಅಂದ್ರೆ 0.340 ಇಂಚು, ಸೋ ನಂಬರ್ ಕಮ್ಮಿ ಆದಷ್ಟೂ ಬಾಣ ಬಿಗಿ (ನಾನೂ ಮೊದಲು ಉಲ್ಟಾ ಅಂದ್ಕೊಂಡಿದ್ದೆ). ಡ್ರಾ ವೇಟ್ (ಬಿಲ್ಲಿನ ಹೆದೆ ಎಳೆಯೋಕೆ ಬೇಕಾದ ಬಲ), ಬಾಣದ ಉದ್ದ, ಮೊನೆ ತೂಕ ಮೂರನ್ನೂ ಕಂಪನಿ ಚಾರ್ಟಲ್ಲಿ ನೋಡಿ ಆರಿಸಿ.

ಏಟು ಜಾಸ್ತಿ ಬೀಳೋದು ಮುಂದಿನ ತುದಿಗೆ, ಅದಕ್ಕೆ ಸ್ಟೀಲ್ ಇನ್ಸರ್ಟ್ (ಮೊನೆ ಕೂರಿಸೋಕೆ ಬಾಣದೊಳಗೆ ಹಾಕೋ ತುಂಡು), ಹೊರಗೊಂದು ಕಾಲರ್ (ತುದಿ ಸುತ್ತ ಕೂರೋ ಬಳೆ) ಹಾಕ್ಸಿದ್ರೆ ಬಾಳಿಕೆ ಬರತ್ತೆ. ಸ್ಪೀಡ್ ಆಸೆಗೆ ತೀರಾ ಹಗುರ ಬೇಡ, ಬಾಣದ ತೂಕ ಪ್ರತಿ ಪೌಂಡ್ ಡ್ರಾ ವೇಟ್‌ಗೆ 5 ಗ್ರೇನ್‌ಗಿಂತ (ಸುಮಾರು 0.32 ಗ್ರಾಂ) ಕಮ್ಮಿ ಆದ್ರೆ ಬಿಲ್ಲಿಗೇ ಡ್ಯಾಮೇಜು.

ಆಮೇಲೆ ಪ್ರತಿ ಸಲ ಬಿಡೋ ಮುಂಚೆ ಬಾಣನ ಮೆಲ್ಲಗೆ ಬಗ್ಗಿಸಿ ತಿರುಗಿಸಿ ನೋಡಿ, ಚಟಪಟ ಸದ್ದು ಬಂದ್ರೆ ಎಸೀರಿ, ಸೀಳಿದ ಕಾರ್ಬನ್ ಬಿಟ್ಟ ಕ್ಷಣದಲ್ಲೇ ಒಡೆದು ಕೈಗೇ ಹೊಗಬಹುದು.