ತೋಟದ ಹಳೇ ಟ್ರ್ಯಾಕ್ಟರ್ ಬೇಸಿಗೆಯಲ್ಲಿ ಕಾಯುತ್ತಿದೆಯೇ? ಮೊದಲು ರೇಡಿಯೇಟರ್ ನೋಡಿ

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು, ಮೂರು ಎಕರೆ ಅಡಿಕೆ ತೋಟ. ಹದಿನೈದು ವರ್ಷ ಹಳೆಯ 18 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ. ಮಳೆಗಾಲ, ಚಳಿಗಾಲದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಮಾರ್ಚ್ ಬಂತೆಂದರೆ ಸಾಕು, ರೋಟವೇಟರ್ ಹೊಡೆಯಲು ಶುರುಮಾಡಿ ಅರ್ಧ ಗಂಟೆಗೆಲ್ಲ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ (ನೀರು ಹದಕ್ಕೆ ಕಾಯುವ ತನಕ ರೇಡಿಯೇಟರ್‌ಗೆ ಬಿಡದ ವಾಲ್ವ್) ತೆಗೆದುಹಾಕಿದರು, ಅದರಿಂದ ಏನೂ ಕಮ್ಮಿಯಾಗಲಿಲ್ಲ. ಈಗ ಎಂಜಿನ್ ಇಳಿಸಿ ಬೋರಿಂಗ್ ಮಾಡಿಸಬೇಕು ಅನ್ನುತ್ತಿದ್ದಾರೆ. ಮಾಡಿಸಲೇ ಸಾರ್?

ಉತ್ತರ: ಈಗಲೇ ಬೇಡ, ತಡೆಯಿರಿ. ಬೋರ್ (ಪಿಸ್ಟನ್ ಆಡುವ ಸಿಲಿಂಡರ್‌ನ ಒಳಗೋಡೆ) ಸವೆದ ಎಂಜಿನ್ ಬೇಸಿಗೆಗಾಗಿ ಕಾಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ನೀಲಿ ಹೊಗೆ ಬಿಡುತ್ತದೆ, ಎಂಜಿನ್ ಆಯಿಲ್ ಕುಡಿಯುತ್ತದೆ. ನಿಮ್ಮ ಪತ್ರದಲ್ಲಿ ಇವು ಯಾವುದೂ ಇಲ್ಲ. ಚಳಿಗಾಲದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ ಎಂದು ನೀವೇ ಬರೆದಿದ್ದೀರಿ. ನನಗೆ ಅನುಮಾನ ಇರುವುದು ರೇಡಿಯೇಟರ್ ಮೇಲೆ.

ಕಾರಣ ಹೇಳುತ್ತೇನೆ. ಸುಟ್ಟ ಡೀಸೆಲ್‌ನ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಅಷ್ಟೇ ಪಾಲು ಸೈಲೆನ್ಸರ್‌ನಿಂದ ಹೊಗೆಯೊಂದಿಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ನೀರು ಹೊತ್ತು ತಂದು ರೇಡಿಯೇಟರ್ ಮೂಲಕ ಗಾಳಿಗೆ ಬಿಡಬೇಕು. ನೀರು 90 ಡಿಗ್ರಿ, ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ನಡುವಿನ ಅಂತರ 65. ಏಪ್ರಿಲ್ ಮಧ್ಯಾಹ್ನ ಗಾಳಿ 40ಕ್ಕೆ ಏರಿದರೆ ಅಂತರ ಬರೀ 50. ಅಂದರೆ ಅದೇ ರೇಡಿಯೇಟರ್ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ ಶಾಖ ಹೊರಹಾಕುತ್ತದೆ. ಹೊಸದರಲ್ಲಿ ಇಷ್ಟನ್ನು ತಾಳಿಕೊಳ್ಳುವ ಶಕ್ತಿ ಇರುತ್ತದೆ. ಅರ್ಧ ಕಟ್ಟಿಕೊಂಡ ಹಳೇ ರೇಡಿಯೇಟರ್ ಡಿಸೆಂಬರ್‌ನಲ್ಲಿ ಹೇಗೋ ಸಂಭಾಳಿಸಿ ಏಪ್ರಿಲ್‌ನಲ್ಲಿ ಸೋತುಹೋಗುತ್ತದೆ. ಅದರಲ್ಲೂ ತೋಟದೊಳಗೆ ಟ್ರ್ಯಾಕ್ಟರ್ ಓಡುವುದು ನಡಿಗೆಯ ವೇಗದಲ್ಲಿ, ಸಾಲುಗಳ ನಡುವೆ ಗಾಳಿ ಆಡುವುದಿಲ್ಲ. ಫ್ಯಾನ್ ಎಳೆದುಕೊಟ್ಟಷ್ಟೇ ಗಾಳಿ.

ಬಾನೆಟ್ ಎತ್ತಿ, ಮುಂದಿನ ಜಾಲರಿ ಬಿಚ್ಚಿ, ಟಾರ್ಚ್ ಹಿಡಿದು ನೋಡಿ. ಒಮ್ಮೆ ಇಂಥದ್ದೇ ಒಂದು ಟ್ರ್ಯಾಕ್ಟರ್‌ನ ಜಾಲರಿ ನನ್ನ ಕಣ್ಣೆದುರೇ ಬಿಚ್ಚಿದರು. ಹೊರಗಿನಿಂದ ಎಲ್ಲ ಸ್ವಚ್ಛವಾಗಿಯೇ ಕಂಡಿತ್ತು. ಒಳಗೆ ರೇಡಿಯೇಟರ್‌ನ ಕೆಳಗಿನ ಅರ್ಧಕ್ಕೆ ದೂಳು, ಒಣಹುಲ್ಲಿನ ಎಳೆ, ಅಡಿಕೆ ಸಿಪ್ಪೆಯ ನಾರು, ಸೋರಿದ ಎಣ್ಣೆಯ ಜಿಡ್ಡು ಎಲ್ಲ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬೆರಳು ಹಾಕಿ ಎಳೆದರೆ ಹಾಳೆ ಹಾಳೆಯಾಗಿ ಕಿತ್ತುಬಂತು. ಆ ರೈತರೂ ಎಂಜಿನ್ ಕೆಲಸಕ್ಕೆಂದು ದುಡ್ಡು ಹೊಂದಿಸಿಕೊಂಡೇ ಬಂದಿದ್ದರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತೊಳೆಯುವಾಗ ಎಂಜಿನ್ ಪೂರ್ತಿ ಆರಿರಬೇಕು. ಫ್ಯಾನ್ ಗಾಳಿ ಎಳೆಯುವುದು ಮುಂದಿನಿಂದ ಹಿಂದಕ್ಕೆ. ಆದ್ದರಿಂದ ನೀವು ನೀರನ್ನೋ ಗಾಳಿಯನ್ನೋ ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಗಿಡಿಯುತ್ತದೆ. ಜಿಡ್ಡಿದ್ದರೆ ಮೊದಲು ಸೋಪಿನ ನೀರು ಚಿಮುಕಿಸಿ ಕಾಲು ಗಂಟೆ ನೆನೆಯಲು ಬಿಡಿ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಹತ್ತಿರದಿಂದ ಹಿಡಿಸಬೇಡಿ, ರೇಡಿಯೇಟರ್‌ನ ಕಾಗದದಷ್ಟು ತೆಳುವಾದ ರೆಕ್ಕೆಗಳು ಮಡಚಿ ದಾರಿಯೇ ಮುಚ್ಚಿಹೋಗುತ್ತದೆ.

ಅಲ್ಲೇ ಫ್ಯಾನ್ ಸುತ್ತಲಿನ ತಗಡಿನ ಅಥವಾ ಪ್ಲಾಸ್ಟಿಕ್ ಕವಚ ಇದೆಯೇ ನೋಡಿಕೊಳ್ಳಿ. ಹಳೇ ಗಾಡಿಗಳಲ್ಲಿ ಯಾವುದೋ ರಿಪೇರಿಗೆ ಬಿಚ್ಚಿದ್ದನ್ನು ಮತ್ತೆ ಹಾಕಿರುವುದೇ ಇಲ್ಲ. ಕವಚವಿಲ್ಲದ ಫ್ಯಾನ್ ರೇಡಿಯೇಟರ್ ಮೂಲಕ ಹೊಸ ಗಾಳಿ ಎಳೆಯುವ ಬದಲು ಎಂಜಿನ್ ಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಫ್ಯಾನ್ ತಿರುಗಿಸುವ ಬೆಲ್ಟನ್ನು ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಅದಕ್ಕಿಂತ ತುಂಬಾ ಸಡಿಲವಿದ್ದರೆ ಜಾರುತ್ತಿದೆ ಎಂದೇ ಅರ್ಥ.

ಥರ್ಮೋಸ್ಟಾಟ್ ವಿಷಯ. ಅದನ್ನು ಕಿತ್ತುಹಾಕುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ, ಇದು ನನಗೆ ಬಹಳ ಬೇಸರ ತರುವ ಸಂಗತಿ. ಅದಿಲ್ಲದಿದ್ದರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೂರ್ತಿ ಸುಡದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ, ಲೈನರ್ (ಸಿಲಿಂಡರ್‌ನ ಒಳಕೊಳವೆ) ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಬೈಪಾಸ್ ದಾರಿಯನ್ನು ಮುಚ್ಚುವುದು ಥರ್ಮೋಸ್ಟಾಟೇ. ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ, ಕಾವು ಇನ್ನೂ ಏರುತ್ತದೆ. ಹೊಸದು ತಂದು ಹಾಕಿಸಿ. ಹಾಕಿಸುವ ಮೊದಲು ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದು ಬರೆದಿದ್ದರೆ ಆಸುಪಾಸಿನ ಶಾಖಕ್ಕೆ ಬಾಯಿ ಬಿಡಲು ಶುರುಮಾಡಬೇಕು.

ಇಷ್ಟಾದ ಮೇಲೂ ಕಾದರೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರಬೇಕು. ಕೆಲಸ ನಡೆದಿರುವಾಗ ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರ್ ಉದ್ದಕ್ಕೂ ಹಿಡಿದು ನೋಡಿ. ಅಕ್ಕಪಕ್ಕ ಬಿಸಿಯಿದ್ದು ನಡುವೆ ಒಂದು ಕಡೆ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳಲ್ಲಿ ನೀರು ಓಡುತ್ತಿಲ್ಲ. ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿ ಕೊಳವೆಗಳಿಗೆ ಕಡ್ಡಿ ಆಡಿಸಿ ಬಿಡಿಸಿಕೊಡುತ್ತಾರೆ. ಎಂಜಿನ್ ಇಳಿಸುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದ ಕೂಡಲೇ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಹಾಳೆ) ಹೋಗಿರುವ ಸಾಧ್ಯತೆ ಇದೆ, ಆಗ ಮೆಕ್ಯಾನಿಕ್ ಹತ್ತಿರ ಹೋಗಲೇಬೇಕು.

ಓಡಿಸುವುದರಲ್ಲೂ ಒಂದು ಮಾತಿದೆ. ಕಾಯುತ್ತಿದೆ ಎಂದು ಆಕ್ಸಿಲೇಟರ್ ಇಳಿಸಿ, ಅದೇ ಗೇರಿನಲ್ಲಿ ಗುಡುಗುಡು ಎಳೆಸುತ್ತಾರೆ. ಫ್ಯಾನು, ವಾಟರ್ ಪಂಪು ಎರಡೂ ತಿರುಗುವುದು ಎಂಜಿನ್ ವೇಗಕ್ಕೆ ತಕ್ಕಂತೆ. ವೇಗ ಇಳಿದರೆ ಅವೂ ಇಳಿಯುತ್ತವೆ, ಭಾರ ಮಾತ್ರ ಹಾಗೇ ಉಳಿಯುತ್ತದೆ. ಒಂದು ಗೇರ್ ಕೆಳಗೆ ಹಾಕಿ, ಎಂಜಿನ್ ವೇಗ ಬಿಡದೆ, ರೋಟವೇಟರ್ ಆಳ ಕಡಿಮೆ ಮಾಡಿ. ಮುಳ್ಳು ಏರಿದರೆ ಭಾರ ಬಿಡಿಸಿ ಮೂರ್ನಾಲ್ಕು ನಿಮಿಷ ಸುಮ್ಮನೆ ಓಡಲು ಬಿಡಿ, ತಕ್ಷಣ ಆಫ್ ಮಾಡಬೇಡಿ. ಆದರೆ ನೀರು ಸೋರಿ ಖಾಲಿಯಾಗಿದ್ದರೆ ಆ ಕ್ಷಣವೇ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಚ್ಚಲೇಬೇಡಿ. ಒಳಗಿನ ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ತೆರೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ.

ಪ್ರಶ್ನೆ: ವಿಜಯಪುರ ಜಿಲ್ಲೆಯಲ್ಲಿ ನಮ್ಮ ದ್ರಾಕ್ಷಿ ತೋಟ. ಔಷಧ ಹೊಡೆಯುವ ಟ್ರ್ಯಾಕ್ಟರ್‌ಗೆ ಮೊದಲಿನಿಂದಲೂ ಬೋರ್ ನೀರೇ ಹಾಕುತ್ತಿದ್ದೇವೆ. ನಮ್ಮಲ್ಲೇನು ಹಿಮ ಬೀಳುತ್ತದೆಯೇ, ಕೂಲಂಟ್ ಯಾಕೆ ಬೇಕು?

ಉತ್ತರ: ಹಿಮಕ್ಕಲ್ಲ, ತುಕ್ಕು ಮತ್ತು ಸುಣ್ಣ ಕಟ್ಟದಿರಲಿ ಎಂದು ರೇಡಿಯೇಟರ್ ನೀರಿಗೆ ಬೆರೆಸುವ ದ್ರವ ಅದು. ನಿಮ್ಮ ಮನೆಯಲ್ಲಿ ನೀರು ಕಾಯಿಸುವ ಹಂಡೆಯ ತಳ ನೋಡಿ. ಅಲ್ಲಿ ಕಟ್ಟಿರುವ ಬಿಳಿ ಪದರವೇ ಎಂಜಿನ್ ಒಳಗೂ ಕಟ್ಟುತ್ತದೆ, ಅದು ಶಾಖವನ್ನು ದಾಟಲು ಬಿಡುವುದಿಲ್ಲ. ಕೂಲಂಟ್ ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಒತ್ತಡವಿಲ್ಲದೆಯೂ 107 ಡಿಗ್ರಿ ಆಸುಪಾಸಿನವರೆಗೆ ಕುದಿಯುವುದಿಲ್ಲ. ಹಾಗೆಂದು ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ, ಯಾಕೆಂದರೆ ಶಾಖ ಹೊರುವ ಶಕ್ತಿ ಬರೀ ನೀರಿಗೇ ಹೆಚ್ಚು. ಗಟ್ಟಿ ಕೂಲಂಟ್ ತಂದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬ್ಯಾಟರಿಗೆ ಹಾಕುವ ನೀರು ಬೆರೆಸಿ. ಬೆರೆಸಿಯೇ ಮಾರುವಂಥದ್ದಾದರೆ ಮತ್ತೆ ನೀರು ಸೇರಿಸಬೇಡಿ. ಹಾಕುವ ಮೊದಲು ಹಳೇ ನೀರು ಪೂರ್ತಿ ಇಳಿಸಿ, ತಿಳಿಯಾಗುವ ತನಕ ತೊಳೆಯಿರಿ. ಇಳಿಸಿದ ಕೂಲಂಟನ್ನು ಬಕೆಟ್‌ನಲ್ಲಿ ಬಿಟ್ಟು ಹೋಗಬೇಡಿ. ಅದು ಸಿಹಿ, ನಾಯಿ, ದನ ಕುಡಿದರೆ ಪ್ರಾಣಕ್ಕೇ ಅಪಾಯ.

ನೀವು ಕೇಳದ ಇನ್ನೊಂದು ವಿಷಯ: ಬ್ಲೋಯರ್‌ನಿಂದ ಗಂಧಕವೋ ಬೋರ್ಡೋ ದ್ರಾವಣವೋ ಹೊಡೆದಾಗ ಹಾರುವ ತುಂತುರನ್ನು ಫ್ಯಾನ್ ಒಳಗೆಳೆದು ರೇಡಿಯೇಟರ್‌ಗೆ ಅಂಟಿಸುತ್ತದೆ. ಅದರ ಮೇಲೆ ದೂಳು ಕೂರುತ್ತದೆ. ಒಣಗಿ ಗಟ್ಟಿಯಾಗುವ ಮೊದಲೇ, ಅಂದರೆ ಅವತ್ತು ಸಂಜೆಯೇ, ಎಂಜಿನ್ ಆರಿದ ಮೇಲೆ ತೊಳೆದುಬಿಡಿ.

ಪ್ರಶ್ನೆ: ಗಂಗಾವತಿ ಕಡೆಯವರು. ನಮ್ಮ ಹಳೇ ಪವರ್ ಟಿಲ್ಲರ್‌ಗೆ ರೇಡಿಯೇಟರ್ ಇಲ್ಲ, ಮೇಲೆ ನೀರಿನ ತೊಟ್ಟಿ ಇದೆ. ಬಿಸಿಲಲ್ಲಿ ಅದರಲ್ಲಿ ನೀರು ಕುದಿದು ಆವಿ ಬರುತ್ತದೆ. ಹೆದರಬೇಕೇ?

ಉತ್ತರ: ಹೆದರಬೇಡಿ, ಅದು ತಂಪಾಗುವ ಬಗೆಯೇ ಹಾಗೆ. ಒಂದು ಲೀಟರ್ ನೀರು 30ರಿಂದ 100 ಡಿಗ್ರಿಗೆ ಕಾಯಲು ಎಷ್ಟು ಶಾಖ ಬೇಕೋ, ಅದೇ ನೀರು ಆವಿಯಾಗಿ ಹೋಗಲು ಅದರ ಏಳು ಪಟ್ಟಿಗೂ ಹೆಚ್ಚು ಬೇಕು. ಆವಿ ಆ ಶಾಖವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ನೀವು ನೋಡಬೇಕಾದದ್ದು ನೀರಿನ ಮಟ್ಟವನ್ನು. ತೊಟ್ಟಿಯ ಮೇಲೆ ಕೆಂಪು ತೇಲುಗುಂಡಿನ ಕಡ್ಡಿ ಇದ್ದರೆ ಅದು ಕುಸಿಯುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ನೀರು ಸೇರಿಸುತ್ತಿರಿ. ಪೂರ್ತಿ ಬತ್ತಿದ್ದರೆ ನಿಲ್ಲಿಸಿ, ಅರ್ಧ ಗಂಟೆ ಆರಿದ ಮೇಲೆ ಹಾಕಿ. ಗದ್ದೆಯ ಕೆಸರು ನೀರನ್ನು ಮಾತ್ರ ಮೊಗೆದು ಹಾಕಬೇಡಿ. ನೀರು ಆವಿಯಾಗಿ ಹೋದರೂ ಮಣ್ಣು ಸಿಲಿಂಡರ್ ಸುತ್ತ ಕೂತುಬಿಡುತ್ತದೆ. ಬದುವಿನ ಮೇಲೆ ಒಂದು ಕ್ಯಾನ್ ತಿಳಿನೀರು ಇಟ್ಟುಕೊಂಡೇ ಗದ್ದೆಗಿಳಿಯಿರಿ.